ದಿನಾಲೂ ತಲೆನೋವು ಎಂದು ಬರೆದವಳು

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಲೋಟ ಜಾರಿದರೆ ಮೊಟಕು, ಕರೆದ ಕೂಡಲೇ ಓಗೊಡದಿದ್ದರೆ ಮೊಟಕು, ಬೆಳಗ್ಗೆ ಪೂಜೆಗೆ ಮುಂಚೆ ಫೋನ್ ಮುಟ್ಟಿದರೆ ಮೊಟಕು. ಮುಷ್ಟಿ ಬಿಗಿದು ತಲೆಯ ಮೇಲೆ ಕುಟ್ಟುವುದನ್ನು ಹೊಡೆತವೆಂದು ಯಾರೂ ಪರಿಗಣಿಸುತ್ತಿರಲಿಲ್ಲ. ಹೊಡೆತವೆಂದರೆ ಬೆಲ್ಟು, ಹೊಡೆತವೆಂದರೆ ಬಾಸುಂಡೆ. ಮೊಟಕುವುದು ಮಾತನಾಡಿಸಿದ ಹಾಗೆ. ಅಜ್ಜಿ ಅಪ್ಪನನ್ನು ಮೊಟಕಿಯೇ ಬೆಳೆಸಿದ್ದಳಂತೆ, ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದಳು. ಅಮ್ಮ ಚಪಾತಿ ಲಟ್ಟಿಸುತ್ತ ಕೂತಲ್ಲಿಂದಲೇ ಲಟ್ಟಣಿಗೆಯ ತುದಿಯಿಂದ ನನ್ನ ತಲೆಗೊಂದು ಕೊಟ್ಟು, ಮತ್ತೆ ಹಿಟ್ಟಿಗೆ ಕೈ ಹಾಕುತ್ತಿದ್ದಳು.

ಅಪ್ಪನ ಮೊಟಕು ಮಾತ್ರ ಬೇರೆ ಜಾತಿಯದು. ನಗರ್ತಪೇಟೆಯಲ್ಲಿ ಅವನದು ಪ್ಲಾಸ್ಟಿಕ್ ಸಾಮಾನಿನ ಸಗಟು ಅಂಗಡಿ. ಬೆಳಗಿನಿಂದ ಗಿರಾಕಿಗಳಿಗೆ ಕೈ ಮುಗಿದು, ಲಾರಿಯವರಿಗೆ ಹಲ್ಲು ಗಿಂಜಿ, ಅಲ್ಲಿ ನುಂಗಿದ ಸಿಟ್ಟನ್ನೆಲ್ಲ ಕಾಟನ್‌ಪೇಟೆಯ ನಮ್ಮ ಗಲ್ಲಿಯವರೆಗೆ ಹೊತ್ತು ತರುತ್ತಿದ್ದ. ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಅವತ್ತಿನ ವ್ಯಾಪಾರ ತಿಳಿಯುತ್ತಿತ್ತು. ಅವನ ಬಲಗೈಯಲ್ಲಿ ಹವಳದ ಉಂಗುರ. ಇವನ ಸಿಟ್ಟಿಗೆಲ್ಲ ಕುಜನೇ ಕಾರಣ ಎಂದು ಜ್ಯೋತಿಷಿ ಹೇಳಿದ್ದಕ್ಕೆ ಅಜ್ಜಿ ಮಾಡಿಸಿ ಹಾಕಿಸಿದ್ದು. ಕುಜ ಶಾಂತನಾದನೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪ ಮುಷ್ಟಿ ಮಗುಚಿ ಕೈಯ ಹಿಂಬದಿಯಿಂದ ಬಡಿಯುವವನಾದ್ದರಿಂದ ಬೆರಳಿಗಿಂತ ಮೊದಲು ಹವಳ ನನ್ನ ತಲೆಗೆ ತಾಗುತ್ತಿತ್ತು. ಸಿಟ್ಟು ಇಳಿಯಲೆಂದು ಹಾಕಿಸಿದ್ದು ಹೋಗಿ ಹೋಗಿ ನನ್ನ ನೆತ್ತಿಯ ಮೇಲೆ ಇಳಿಯುತ್ತಿತ್ತು.

ಎಂಟನೇ ಕ್ಲಾಸಿನಿಂದ ನನಗೆ ತಲೆನೋವು ಶುರುವಾಯಿತು. ಬೆಳಗ್ಗೆ ಏಳುವಾಗ ನೆತ್ತಿಯ ಎಡಭಾಗದಲ್ಲಿ ಮೊಳೆ ಹೊಡೆದ ಹಾಗೆ. ಬೋರ್ಡು ನೋಡಿದರೆ ಅಕ್ಷರಗಳು ಮಂಜಾಗುತ್ತಿದ್ದವು, ವಾಂತಿ ಬಂದ ಹಾಗಾಗುತ್ತಿತ್ತು. ಸೊಂಟ ಮುಟ್ಟುವ ಕೂದಲು ನನ್ನದು. ಬಾಚಣಿಗೆ ಅಲ್ಲಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತೆಂದು ಎಣ್ಣೆ ಹಚ್ಚುವುದು, ಜಡೆ ಹಾಕುವುದು ಎಲ್ಲ ನಾನೇ ಮಾಡಿಕೊಳ್ಳತೊಡಗಿದೆ. ತಲೆಗೆ ಬೇರೆಯವರ ಕೈ ಸೋಕಲು ಬಿಡುತ್ತಿರಲಿಲ್ಲ.

ನೋವಿನ ಮಾತು ಎತ್ತಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಅಮ್ಮನ ಪ್ರಕಾರ ಅದು ಫೋನು. ಅಪ್ಪನ ಪ್ರಕಾರ ಓದುಗಳ್ಳತನ. ಅಜ್ಜಿಯ ಪ್ರಕಾರ ಎದುರುಮನೆಯವರ ಕಣ್ಣು ನನ್ನ ಕೂದಲಿನ ಮೇಲೆ ಬಿದ್ದಿತ್ತು. ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು, ಆತ ಎಲ್ಲ ಸರಿಯಿದೆ ಎಂದು ಕಳಿಸಿದ. ಒಂದು ದಿನ ತಡೆಯಲಾರದೆ ಅಮ್ಮನಿಗೆ ನೇರವಾಗಿ ಹೇಳಿದೆ.

"ಅಮ್ಮಾ, ಅಪ್ಪ ಮೊಟಕೋ ಜಾಗದಲ್ಲೇ ನೋಯೋದು."

ಅಮ್ಮ ನಕ್ಕುಬಿಟ್ಟಳು. "ಮೊಟಕಿದ್ರೆ ಯಾರಿಗಾದ್ರೂ ತಲೆನೋವು ಬರುತ್ತೇನೇ? ನಮಗೆಲ್ಲ ನಮ್ಮಪ್ಪ ಕೊಟ್ಟಿಲ್ವಾ? ನೆಟ್ಟಗಿಲ್ವಾ ನಾವು?"

ಅವಳು ನೆಟ್ಟಗಿದ್ದಳೋ ಇಲ್ಲವೋ, ಅದು ಬೇರೆ ಮಾತು. ನನಗೆ ಅಂದು ಬಂದ ಸಿಟ್ಟಿಗೆ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಗೋಡೆಗೆ ಎಸೆದೆ. ಅದಕ್ಕೂ ಮೊಟಕು ಬಿತ್ತು.

ನಾನು ಚಾಮರಾಜಪೇಟೆಯ ಒಂದು ಹಳೇ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಯಾವುದೋ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಕಾಟನ್ ಸೀರೆ, ಕೈಯಲ್ಲಿ ಕಾಗದದ ಕಟ್ಟು. ಮೆತ್ತಗೆ ಮಾತಾಡುತ್ತಿದ್ದರು. ಹೆಸರು ಬರೆಯಬೇಕಾಗಿಲ್ಲ, ಇದು ಪರೀಕ್ಷೆ ಅಲ್ಲ, ಸರಿ ತಪ್ಪು ಅಂತಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ತಲೆನೋವು, ಹೊಟ್ಟೆನೋವು, ತಲೆಸುತ್ತು, ನಿದ್ದೆ ಬಾರದಿರುವುದು, ಬೇಜಾರು, ಸಿಡುಕು, ಭಯ, ಇವು ಎಷ್ಟೆಷ್ಟು ಸಲ ಬರುತ್ತವೆಂದು, ಯಾವತ್ತೂ ಇಲ್ಲ ಎಂಬುದರಿಂದ ದಿನಾಲೂ ಎಂಬುದರವರೆಗೆ ಸಾಲಾಗಿದ್ದ ಚೌಕದ ಮನೆಗಳಲ್ಲಿ ನಾವೇ ಟಿಕ್ ಹಾಕಬೇಕು. ಹತ್ತಾರು ದೇಶಗಳಲ್ಲಿ ನಮ್ಮ ವಯಸ್ಸಿನವರಿಗೆ ಇಂಥವೇ ಪ್ರಶ್ನೆ ಕೇಳುತ್ತಾರಂತೆ.

"ಎಷ್ಟೋ ದೇಶಗಳಲ್ಲಿ ಈಗಿನ ಮಕ್ಕಳು ಮೊದಲಿಗಿಂತ ಜಾಸ್ತಿ ನೋವು ಹೇಳ್ಕೊಳ್ತಿದಾರೆ. ಅದರಲ್ಲೂ ಹುಡುಗೀರು," ಎಂದರು ಮೇಡಂ. "ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನೇ ಕೇಳ್ತಿದೀವಿ."

ನಿಮ್ಮನ್ನೇ ಕೇಳ್ತಿದೀವಿ! ನನ್ನ ಮೈಯಲ್ಲಿ ಏನೋ ಎದ್ದು ಕೂತಿತು. ಎಲ್ಲೋ ಹಿಮ ಬೀಳುವ ಊರಿನಲ್ಲಿ ನನ್ನಂಥವಳೇ ಒಬ್ಬಳು ಮಂಜುಗಟ್ಟಿದ ಕಿಟಕಿ ಪಕ್ಕ ಕೂತು, ಪೆನ್ನಿನ ಮುಚ್ಚಳ ಕಚ್ಚುತ್ತ, ತಲೆನೋವು ದಿನಾಲೂ ಎಂದು ಟಿಕ್ ಹಾಕುತ್ತಿರಬೇಕು. ಅವಳಪ್ಪನ ಕೈಯಲ್ಲಿ ಉಂಗುರ ಇದೆಯೋ ಇಲ್ಲವೋ. ಅವಳ ತಲೆ ಯಾಕೆ ನೋಯುತ್ತದೋ, ಆ ಚಳಿಗೋ, ಒಂಟಿತನಕ್ಕೋ. ಆದರೆ ಅವಳು ಬರೆದದ್ದನ್ನು ಯಾರೋ ಒಬ್ಬರು ಕೂತು ಓದುತ್ತಾರೆ, ನಂಬುತ್ತಾರೆ. ಗುರುತಿಲ್ಲದ ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಮೇಡಂ ಕಾಗದ ಹಂಚಿ ಪಕ್ಕದ ಸೆಕ್ಷನ್ನಿಗೂ ಹೇಳಿಬರಲು ಹೋದರು. ಅವರು ಬಾಗಿಲು ದಾಟುತ್ತಿದ್ದಂತೆ ನಮ್ಮ ಕ್ಲಾಸ್ ಮೇಷ್ಟ್ರು ಕುರ್ಚಿಯಿಂದ ಎದ್ದರು. ಇನ್‌ಸ್ಪೆಕ್ಷನ್ ಬಂದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಇಂಥ ಪ್ರಶ್ನೆಗೆ ಇಂಥವನೇ ಎದ್ದು ಹೀಗೇ ಹೇಳಬೇಕೆಂದು ಮುಂಚೆಯೇ ಬಾಯಿಪಾಠ ಮಾಡಿಸಿರುತ್ತಿದ್ದರು. ಮೇಷ್ಟ್ರಿಗೆ ಇದೂ ಅಂಥದ್ದೇ ಒಂದು ಇನ್‌ಸ್ಪೆಕ್ಷನ್. ಹೊರಗಿನವರು ಪ್ರಶ್ನೆ ತಂದರೆ ಅದಕ್ಕೊಂದು ಸರಿಯಾದ ಉತ್ತರ ಇರಲೇಬೇಕು, ಅದು ಇಡೀ ಶಾಲೆಗೆ ಒಂದೇ ಇರಬೇಕು.

"ಎಲ್ಲಾ ಕೇಳ್ರೋ," ಎಂದರು. "ಎಲ್ಲದಕ್ಕೂ ಮೊದಲನೇ ಮನೆಗೇ ಟಿಕ್ಕು. ಯಾವತ್ತೂ ಇಲ್ಲ, ಯಾವತ್ತೂ ಇಲ್ಲ, ಯಾವತ್ತೂ ಇಲ್ಲ. ಅರ್ಥ ಆಯ್ತಾ? ನಮ್ಮ ಸ್ಕೂಲಲ್ಲಿ ಯಾರಿಗೂ ರೋಗ ಇಲ್ಲ."

ಅರವತ್ತು ಪೆನ್ನುಗಳು ಒಟ್ಟಿಗೆ ಬಗ್ಗಿದವು. ನನ್ನ ಪಕ್ಕದವಳು ಆ ತಿಂಗಳ ಹೊಟ್ಟೆನೋವಿಗೆ ಬೆಂಚಿನ ಮೇಲೆ ಮಡಚಿಕೊಂಡು ಕೂತಿದ್ದಳು, ಹಾಗೆಯೇ ಕೂತು ಯಾವತ್ತೂ ಇಲ್ಲ ಎಂದು ಟಿಕ್ ಹಾಕಿದಳು. ಹಿಂದಿನ ಬೆಂಚಿನಲ್ಲಿ ಅದೇ ಬೆಳಗ್ಗೆ ಹೊಡೆದಾಡಿ ತುಟಿ ಒಡೆದುಕೊಂಡಿದ್ದ ಹುಡುಗ, ಸಿಡುಕು ಯಾವತ್ತೂ ಇಲ್ಲ ಎಂದು ಹಾಕಿದ. ನಾನು ತಲೆನೋವಿನ ಸಾಲಿನಲ್ಲಿ ಕೊನೇ ಮನೆಗೆ, ದಿನಾಲೂ ಎಂಬಲ್ಲಿಗೆ, ಕಾಗದ ತೂತಾಗುವ ಹಾಗೆ ಒತ್ತಿ ಟಿಕ್ ಹಾಕಿದೆ.

ಮೇಷ್ಟ್ರು ಸಾಲಿನ ನಡುವೆ ನಡೆದು ಬರುತ್ತಿದ್ದವರು ನನ್ನ ಹಿಂದೆ ನಿಂತರು. "ಏಯ್, ತಪ್ಪು ಉತ್ತರ ಅದು."

"ನನಗೆ ದಿನಾ ನೋಯುತ್ತೆ ಸರ್."

"ತಪ್ಪು ಅಂತ ಹೇಳಿದ್ನಲ್ಲ?"

"ನನ್ನ ತಲೆ ಸರ್ ಅದು."

ಎದುರು ಮಾತಾಡಬಾರದಿತ್ತು ಎಂದು ನಾನೇನೂ ಹೇಳುವುದಿಲ್ಲ. ಇಂದು ಕೇಳಿದರೂ ನನ್ನ ತಲೆ ಅದು ಎಂದೇ ಹೇಳುತ್ತೇನೆ. ಮೇಷ್ಟ್ರ ಮರದ ಸ್ಕೇಲು ಚಪ್ಪಟೆಯಾಗಿ ಅಲ್ಲ, ಅಂಚಿನ ಕಡೆಯಿಂದ ನನ್ನ ಗೆಣ್ಣುಗಳ ಮೇಲೆ ಬಿತ್ತು. ಪೆನ್ನು ಹಾರಿತು. ಕಾಗದ ಹರಿದು ಹೊಸದು ಕೊಟ್ಟರು. ಊದಿದ ಬೆರಳುಗಳಲ್ಲೇ ಪೆನ್ನು ಹಿಡಿದು ಮತ್ತೆ ಅದೇ ಮನೆಗೆ ಟಿಕ್ ಹಾಕಿದೆ. ಈ ಸಲ ಜಡೆ ಹಿಡಿದು ಎಳೆದರು, ಸ್ಕೇಲು ಬೆನ್ನು, ತೋಳು, ಕಿವಿ ಎಲ್ಲಿ ಸಿಕ್ಕಿತೋ ಅಲ್ಲಿ ಬಿತ್ತು. ಅದು ಎರಡು ಹೋಳಾಗಿ ಒಂದು ತುಂಡು ಕಿಟಕಿಯ ಸರಳಿಗೆ ಬಡಿದು ಕೆಳಗೆ ಬಿದ್ದಾಗಲೇ ನಿಲ್ಲಿಸಿದ್ದು. ಇಡೀ ಕ್ಲಾಸು ಯಾವತ್ತೂ ಇಲ್ಲ, ಯಾವತ್ತೂ ಇಲ್ಲ ಎಂದು ಟಿಕ್ ಹಾಕುತ್ತಲೇ ಇತ್ತು.

ಮೇಡಂ ಬಂದಾಗ ಮೇಷ್ಟ್ರು ನಗುನಗುತ್ತ ಕಟ್ಟು ಒಪ್ಪಿಸಿದರು. ನನ್ನದನ್ನು ಮೊದಲೇ ತೆಗೆದು ಜೇಬಿಗೆ ಸೇರಿಸಿದ್ದರು. ಆಕೆ ನಮಗೆಲ್ಲ ಥ್ಯಾಂಕ್ಸ್ ಹೇಳಿ ಹೋದರು. ಪ್ರಪಂಚದಲ್ಲಿ ಎಲ್ಲಾದರೂ ನೋವೇ ಇಲ್ಲದ ಮಕ್ಕಳ ಕ್ಲಾಸು ಇದ್ದರೆ ಅದು ನಮ್ಮದೇ. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ, ಅಪ್ಪನಿಗೆ ಫೋನ್ ಮಾಡಿ ನಿಮ್ಮ ಮಗಳು ಹೊರಗಿನವರ ಮುಂದೆ ಶಾಲೆಯ ಮರ್ಯಾದೆ ತೆಗೆಯುತ್ತಾಳೆ ಎಂದು ಹೇಳಿದರು.

ಅವತ್ತು ಶನಿವಾರ, ಶಾಲೆ ಅರ್ಧ ದಿನ. ಅಪ್ಪ ಅಂಗಡಿಯಿಂದ ಮಧ್ಯಾಹ್ನವೇ ಬಂದುಬಿಟ್ಟ. ನಾನು ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ.

"ರೋಗಿಷ್ಟೆ ಅಂತ ಬರ್ಕೊಟ್ಟು ಬಂದ್ಯಾ? ನಾಳೆ ಯಾರು ಕಟ್ಕೊಳ್ತಾರೆ ನಿನ್ನ? ದಿನಾಲೂ ತಲೆನೋವಾ? ತೋರಿಸ್ತೀನಿ ಬಾ ದಿನಾಲೂ ತಲೆನೋವು ಅಂದ್ರೆ ಏನು ಅಂತ."

ತೋರಿಸಿದ. ಮೊದಲನೆಯದಕ್ಕೆ ಕಿವಿಯಲ್ಲಿ ಗುಯ್ ಎಂದಿತು. ಆಮೇಲಿನವು ಎಲ್ಲಿ ಬಿದ್ದವೋ ತಿಳಿಯಲಿಲ್ಲ. ಜಡೆಯನ್ನು ಕೈಗೆ ಸುತ್ತಿಕೊಂಡು ನನ್ನ ತಲೆಯನ್ನು ದೇವರಮನೆಯ ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಬಾಯಿಯೊಳಗೆ ಉಪ್ಪುಪ್ಪು, ನಾಲಿಗೆ ಕಚ್ಚಿಕೊಂಡಿದ್ದೆ. ನಾನು ಕಾಲು ಬೀಸಿ ಒದ್ದೆ, ಅದು ಅವನ ಮೊಣಕಾಲಿಗೆ ತಾಗಿತು, ಅದಕ್ಕೆ ಇನ್ನೂ ಬಿದ್ದವು. ಅಮ್ಮ "ಬಿಡ್ರೀ, ಬಿಡ್ರೀ, ಅಕ್ಕಪಕ್ಕದವರು ಕೇಳ್ತಾರೆ" ಎನ್ನುತ್ತ ಕಿಟಕಿ ಮುಚ್ಚಿದಳು. ನೋಡಿ, ಅವಳು ಓಡಿದ್ದು ನನ್ನ ಕಡೆಗಲ್ಲ, ಕಿಟಕಿಯ ಕಡೆಗೆ.

ಅಜ್ಜಿ ಬಂದು ನಡುವೆ ನಿಂತಳು. "ಬಿಡೋ ಅದನ್ನ. ಅವಳದೇನೋ ತಪ್ಪು? ಕೆಟ್ಟ ಕಣ್ಣು ಬಿದ್ದಿದೆ ಕೂದಲ ಮೇಲೆ. ಮಗು ತಲೆನೋವು ಹೋದ್ರೆ ಮುಡಿ ಕೊಡಿಸ್ತೀನಿ ಅಂತ ಹೋದ ವರ್ಷವೇ ಹರಕೆ ಹೊತ್ತಿದ್ದೆ. ಹೋದ್ಮೇಲೆ ಕೊಡೋಣ ಅಂತ ಕೂತಿದ್ದೇ ತಪ್ಪು. ಮೊದಲು ಕೊಟ್ಬಿಡೋಣ, ಆಮೇಲೆ ಅದಾಗೇ ಹೋಗುತ್ತೆ."

ಅಷ್ಟು ಹೊತ್ತು ಅವಳ ಮಗ ನನ್ನ ತಲೆಯನ್ನು ಚೌಕಟ್ಟಿಗೆ ಕುಟ್ಟುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಆದರೂ ತಲೆನೋವಿಗೆ ಕಾರಣ ಎದುರುಮನೆಯಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಆ ಎಮ್ಮೆ ನನ್ನ ಕೂದಲು.

ಸೋಮವಾರ ಬೆಳಗ್ಗೆ ನಮ್ಮ ಪೇಟೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಪ್ಪನೂ ಅಂಗಡಿ ಬಾಗಿಲು ತಡವಾಗಿ ತೆಗೆದರಾಯಿತು ಎಂದು ಬಂದ. ದೊಡ್ಡ ಹುಡುಗಿ, ತುದಿಯಲ್ಲಿ ಒಂದಿಷ್ಟು ಕತ್ತರಿಸಿ ಕೊಟ್ಟರೆ ಸಾಲದೇ ಎಂದು ಅಮ್ಮ ಅಳುಕುತ್ತ ಕೇಳಿದಳು. ದೇವರಿಗೆ ಅರೆಬರೆ ಕೊಡುತ್ತಾರೇನು ಎಂದು ಅಜ್ಜಿ ಗದರಿದಳು. ಹಿಂದಿನ ಅಂಗಳದಲ್ಲಿ ನಲ್ಲಿಯ ಪಕ್ಕ ಮಣೆ ಹಾಕಿದ್ದರು. ನಾನು ಮಣೆಯನ್ನು ಒದ್ದು ಓಡಿದೆ. ಅಪ್ಪ ಹಿಡಿದು ತಂದು ಕೂರಿಸಿದ, ಅಮ್ಮ ಎರಡೂ ತೋಳು ಅಮುಕಿ ಹಿಡಿದಳು. ಅವಳ ಕೈಗೆ ಹಲ್ಲೂರುವಂತೆ ಕಚ್ಚಿದೆ. ಅವಳು ಬಿಡಲಿಲ್ಲ.

"ಅಲ್ಲಾಡಬೇಡಮ್ಮ, ಕುಯ್ದ್‌ಬಿಡುತ್ತೆ," ಎಂದ ಕ್ಷೌರದವನು.

ತಣ್ಣೀರು ಸುರಿದು ಕತ್ತಿ ಇಟ್ಟ. ಹದಿನಾಲ್ಕು ವರ್ಷ ಬೆಳೆಸಿದ ಕೂದಲು ಒದ್ದೆ ಹಗ್ಗದ ಹಾಗೆ ಮಡಿಲಿಗೆ ಬಿತ್ತು. ನಾನು ಅಳಲಿಲ್ಲ. ಸಿಟ್ಟಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕತ್ತಿ ಎಡಭಾಗಕ್ಕೆ ಬಂದಾಗ ಕ್ಷೌರದವನ ಕೈ ನಿಧಾನವಾಯಿತು. ಉಬ್ಬುತಗ್ಗು ದಾಟಿಸುತ್ತ, ತಪ್ಪಿಸುತ್ತ, ಬಿಟ್ಟು ಬಿಟ್ಟು ಕೆರೆದ. ಮುಗಿಸಿ, ದುಡ್ಡು ತೆಗೆದುಕೊಂಡು, ಮುಂದಿನ ಮಗುವಿನ ಕಡೆ ಹೋದ.

ಗಂಧ ಹಚ್ಚಲು ಅಜ್ಜಿ ಬಂದಳು. ಅವಳ ಕೈ ನನ್ನ ನೆತ್ತಿಯ ಮೇಲೆ ಬಂದು ನಿಂತುಬಿಟ್ಟಿತು. ನನಗೆ ಕಾಣುತ್ತಿರಲಿಲ್ಲ, ಅಮ್ಮನ ಮುಖದಲ್ಲಿ ಕಂಡಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವರು ಕಂಡದ್ದೇನೆಂದು ನಾನು ನೋಡಿದ್ದು ಆಮೇಲೆ, ಮನೆಯಲ್ಲಿ ಎರಡು ಕನ್ನಡಿ ಹಿಡಿದು. ನೆತ್ತಿಯ ಎಡಭಾಗವೆಲ್ಲ ಹಳೇ ಬುಗುಟು, ಹೊಸ ಬುಗುಟು, ಕೂದಲು ಹುಟ್ಟುವುದನ್ನೇ ಬಿಟ್ಟ ಬಿಳೀ ಕಲೆಗಳು. ಒಂದೊಂದು ಕಲೆಯೂ ಹವಳದಷ್ಟೇ ದಪ್ಪ, ಹವಳದ ಆಕಾರ.

ಈಗ ಹೇಳುತ್ತಾರೆ ಎಂದು ನಾನು ಆ ಅಂಗಳದ ಮಣೆಯ ಮೇಲೆ ಕಾದೆ. ನಿಜವಾಗಿ ಕಾದೆ. ಉಸಿರು ಹಿಡಿದು ಕಾದೆ. ಒಬ್ಬರಾದರೂ, ಅಯ್ಯೋ, ಇದಕ್ಕೇ ಕಣೇ ನೋಯ್ತಿದ್ದದ್ದು ಎಂದರೆ ಸಾಕಿತ್ತು. ಕೂದಲು ಹೋದದ್ದನ್ನೂ ನಾನು ಕ್ಷಮಿಸಿಬಿಡುತ್ತಿದ್ದೆ.

ಅಜ್ಜಿ ಗಂಟಲು ಸರಿ ಮಾಡಿಕೊಂಡಳು. "ಹುಟ್ಟಿದಾಗ್ಲೇ ಹಿಂಗಿತ್ತು ತಲೆ. ಮರ್ತೇಹೋಗಿತ್ತು ನನಗೆ," ಎಂದು ಗಂಧವನ್ನು ದಪ್ಪಗೆ ಮೆತ್ತತೊಡಗಿದಳು, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವ ಹಾಗೆ.

ನಾನು ಎದ್ದು ನಿಂತು ಕಿರುಚಿದೆ. "ಹುಟ್ಟಿದಾಗಲ್ಲ! ಅಪ್ಪಂದು ಅದು! ಅಪ್ಪನ ಉಂಗುರ! ನೋಡಿ ಎಲ್ಲಾರೂ, ಬಂದು ನೋಡಿ!"

ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ. ಅಪ್ಪ ಎರಡೇ ಹೆಜ್ಜೆಯಲ್ಲಿ ನನ್ನ ಹತ್ತಿರ ಬಂದು ಮುಷ್ಟಿ ಮಗುಚಿ ಬಡಿದ. ಇಷ್ಟು ವರ್ಷ ಕೂದಲ ಮೇಲೆ ಬೀಳುತ್ತಿದ್ದ ಪೆಟ್ಟಿಗೆ ಸದ್ದೇ ಇರಲಿಲ್ಲ. ಬೋಳುತಲೆಗೆ ಬಿದ್ದಾಗ ತೆಂಗಿನಕಾಯಿ ಒಡೆದ ಹಾಗೆ ಟಕ್ ಎಂದಿತು. ಗಂಧದ ಮೇಲಿಂದ ರಕ್ತ ಬೆಚ್ಚಗೆ ಹುಬ್ಬಿನವರೆಗೆ ಇಳಿಯಿತು. ಅದನ್ನು ಎಲ್ಲರೂ ಕಂಡರು, ಎಲ್ಲರೂ ಕೇಳಿದರು. ಅಪ್ಪನೂ ಕೇಳಿದ.

ಆಗ ಅಜ್ಜಿಗೆ ಏನಾಯಿತೋ. ಹಸಿ ಗಂಧದ ಕೈಯಲ್ಲೇ ಅಪ್ಪನ ಬೆರಳು ಹಿಡಿದು ಉಂಗುರವನ್ನು ಎಳೆಯತೊಡಗಿದಳು. "ತೆಗಿಯೋ! ತೆಗಿಯೋ ಅದನ್ನ!" ವರ್ಷಗಳಿಂದ ದಪ್ಪಗಾದ ಬೆರಳು, ಉಂಗುರ ಮಾಂಸದೊಳಗೆ ಕೂತಿತ್ತು. ಅವಳು ತಿರುಚಿದಳು, ಕಾಲು ಊರಿ ಜಗ್ಗಿದಳು, ಉಗುರಿನಿಂದ ಕೆರೆದಳು, ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಚರ್ಮ ಸುಲಿಯಿತು. ಆ ಮುದುಕಿಯಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಹುಟ್ಟಿದ ಮೇಲೆ ಮೊದಲ ಸಲ ನನ್ನ ಪರವಾಗಿ ಯಾರೋ ಹೊಡೆದಾಡುತ್ತಿದ್ದರು. ಎಳಿ ಅಜ್ಜಿ, ಬೆರಳು ಕಿತ್ತು ಬಂದರೂ ಬಿಡಬೇಡ ಎಂದು ನನ್ನ ಜೀವ ಕೂಗುತ್ತಿತ್ತು.

"ಅಮ್ಮಾ, ಬಿಡಮ್ಮಾ," ಎಂದ ಅಪ್ಪ. ಅವನ ದನಿ ಚಿಕ್ಕ ಹುಡುಗನದಾಗಿತ್ತು. "ನೋಯ್ತಿದೆ."

ಅಜ್ಜಿ ತಕ್ಷಣ ಕೈಬಿಟ್ಟಳು.

"ನೋಯ್ತಾ ಮಗನೇ?" ಎಂದು ಅವನ ಬೆರಳನ್ನು ಎರಡೂ ಅಂಗೈಯಲ್ಲಿ ಹಿಡಿದು ಉಫ್ ಉಫ್ ಎಂದು ಊದಿದಳು. ಅಮ್ಮ ದೀಪದ ಕಟ್ಟೆಯಿಂದ ಕೊಬ್ಬರಿ ಎಣ್ಣೆ ತರಲು ಓಡಿದಳು. ಪೂಜಾರಿ ತಟ್ಟೆ ಕೆಳಗಿಟ್ಟು, ಐಸ್ ಇಟ್ಟರೆ ಬಾವು ಇಳಿಯುತ್ತದೆ ಎಂದ. ಯಾರೋ ಗುರುತಿಲ್ಲದ ಹೆಂಗಸು ಅಪ್ಪನಿಗೆ ಕೂರಲು ನನ್ನ ಮಣೆಯನ್ನೇ ಎಳೆದು ಕೊಟ್ಟಳು. ಎಷ್ಟು ದಿನದಿಂದ ನೋವು ಎಂದು ಅವನನ್ನು ಯಾರೂ ಕೇಳಲಿಲ್ಲ, ಫೋನ್ ಜಾಸ್ತಿ ನೋಡ್ತೀಯಾ ಎಂದು ಕೇಳಲಿಲ್ಲ, ಯಾರ ಕಣ್ಣು ಬಿತ್ತೋ ಎನ್ನಲಿಲ್ಲ. ಒಂದೇ ಸಲ ಹೇಳಿದ, ಅಷ್ಟೂ ಜನ ನಂಬಿದರು.

ನಾನು ನಲ್ಲಿಯ ಕೆಳಗೆ ತಲೆ ಒಡ್ಡಿ ನನ್ನ ರಕ್ತವನ್ನು ನಾನೇ ತೊಳೆದುಕೊಂಡೆ.